ಪಿಕಪ್ ಕೊಳ್ಳುವಾಗ ತೂಗಬೇಕಾದದ್ದು ಯಾವುದನ್ನು?

ಸಂಕೇಶ್ವರ: ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿಗೆ ಗಡಹಿಂಗ್ಲಜ, ಆಜರಾ, ಆಂಬೋಲಿ ಘಟ್ಟದ ಮೂಲಕ ಕೊಂಕಣ ಮತ್ತು ಗೋವಾದತ್ತ ಇಳಿಯುವ ರಸ್ತೆ ಕೂಡುವುದು ಹುಕ್ಕೇರಿ ತಾಲ್ಲೂಕಿನ ಈ ಪಟ್ಟಣದಲ್ಲಿ. ಹಿರಣ್ಯಕೇಶಿ ನದಿಯ ಆಸುಪಾಸಿನ ಮೆಣಸಿನಕಾಯಿ, ತರಕಾರಿ, ಬೆಲ್ಲ ಒಂದೆಡೆ ಹೊರಟರೆ, ಸಿಮೆಂಟು, ಗೊಬ್ಬರ, ಕಿರಾಣಿ ಸಾಮಾನು ಇನ್ನೊಂದೆಡೆಯಿಂದ ಹಳ್ಳಿಗಳತ್ತ ಸಾಗುತ್ತವೆ. ದೂರದ ಸಾಗಣೆ ದೊಡ್ಡ ಲಾರಿಗಳದ್ದು. ಹೊಲದಿಂದ ಪೇಟೆಗೆ, ಪೇಟೆಯಿಂದ ಅಂಗಡಿಗೆ ನಡೆಯುವ ಹತ್ತಿಪ್ಪತ್ತು ಮೈಲಿಯ ಓಡಾಟ ಮಾತ್ರ ಬಹುಮಟ್ಟಿಗೆ ಚಿಕ್ಕ ಸರಕು ವಾಹನಗಳ ಪಾಲಾಗಿದೆ.

ಈ ವಾಹನಗಳ ಖರೀದಿಗೆ ಈಗ ಹೊಸ ಪ್ರೇರಣೆ ದೊರೆತಿದೆ. ಸರಕು ಸಾಗಣೆ ವಾಹನಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ ಶೇ 18ಕ್ಕೆ ಇಳಿಸಲಾಗಿದೆ. ತೆರಿಗೆಗೆ ಮುನ್ನ 7 ಲಕ್ಷ ರೂಪಾಯಿ ಬೆಲೆಯ ವಾಹನವೊಂದಕ್ಕೆ ಹಿಂದೆ 1.96 ಲಕ್ಷ ರೂಪಾಯಿ ತೆರಿಗೆ ಬೀಳುತ್ತಿದ್ದರೆ, ಈಗ ಬೀಳುವುದು 1.26 ಲಕ್ಷ. ಉಳಿಯುವ 70 ಸಾವಿರ ರೂಪಾಯಿ ಅನೇಕರ ಮನಸ್ಸಿನಲ್ಲಿ ಒಂದೇ ಪ್ರಶ್ನೆ ಎಬ್ಬಿಸುತ್ತದೆ: ಇದೇ ಹಣಕ್ಕೆ ಇನ್ನೊಂದಿಷ್ಟು ಸೇರಿಸಿ ಒಂದು ಗಾತ್ರ ದೊಡ್ಡದನ್ನೇ ಕೊಳ್ಳಬಾರದೇಕೆ?

ಪ್ರಶ್ನೆ ಸಹಜವಾದುದು. ಆದರೆ ಉತ್ತರವನ್ನು ಷೋರೂಮಿನಲ್ಲಿ ಹುಡುಕುವುದು ಅಪಾಯಕಾರಿ.

ಅಲ್ಲಿಯ ಪ್ರಶ್ನೆ, ಇಲ್ಲಿಯ ಪ್ರಶ್ನೆ

ಮಧ್ಯಮ ಗಾತ್ರದ ಪಿಕಪ್ಪೋ ಪೂರ್ಣ ಗಾತ್ರದ್ದೋ ಎಂಬ ಚರ್ಚೆ ಅಮೆರಿಕದಲ್ಲಿ ಹಳೆಯದು. ಅಲ್ಲಿ ಮಧ್ಯಮ ಎಂದರೆ ಟೊಯೊಟಾ ಟಕೋಮಾ, ಫೋರ್ಡ್ ರೇಂಜರ್ ವರ್ಗ. ಪೂರ್ಣ ಗಾತ್ರ ಎಂದರೆ ಫೋರ್ಡ್ ಎಫ್-150 ವರ್ಗ. ಬಹಳಷ್ಟು ಮನೆಗಳಲ್ಲಿ ಅದೇ ಕುಟುಂಬದ ಕಾರು ಕೂಡ. ಭಾರತಕ್ಕೆ 2022ರಲ್ಲಿ ಬಂದ ಟೊಯೊಟಾ ಹೈಲಕ್ಸ್ ಆ ಲೆಕ್ಕದಲ್ಲಿ ಮಧ್ಯಮ ಗಾತ್ರದ್ದು. ಅದರ ಬೆಲೆಯಲ್ಲಿ ಸಂಕೇಶ್ವರದ ವ್ಯಾಪಾರಿ ಎರಡು ಮೂರು ಸರಕು ವಾಹನಗಳನ್ನು ಕೊಳ್ಳಬಲ್ಲ.

ಹೀಗಾಗಿ ಇಲ್ಲಿಯ ಮೆಟ್ಟಿಲುಗಳೇ ಬೇರೆ. ಮೊದಲನೆಯದು ಮುಕ್ಕಾಲು ಟನ್ ಹೊರುವ ಮಿನಿ ಟ್ರಕ್. 2005ರಲ್ಲಿ ಬಂದ ಟಾಟಾ ಏಸ್ ‘ಛೋಟಾ ಹಾಥಿ’ ಎಂಬ ಹೆಸರಿನಿಂದ ಊರೂರಿಗೆ ಪರಿಚಿತವಾಯಿತು. 2025ರ ಜೂನ್‌ನಲ್ಲಿ ಬಿಡುಗಡೆಯಾದ ಏಸ್ ಪ್ರೊ ಕೂಡ 750 ಕೆ.ಜಿ. ಹೊರುವಂಥದ್ದೇ, ಅದರ ಆರಂಭಿಕ ಬೆಲೆ 3.99 ಲಕ್ಷ ರೂಪಾಯಿ ಆಗಿತ್ತು. ಎರಡನೆಯದು ಒಂದೂಕಾಲು ಟನ್‌ನಿಂದ ಒಂದೂವರೆ ಟನ್ ಹೊರುವ ಮಧ್ಯಮ ವರ್ಗ. 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್ ಹಾಗೂ ಟಾಟಾ ಇಂಟ್ರಾ ಈ ಸಾಲಿನವು. ಮೂರನೆಯದು ಎರಡು ಟನ್‌ವರೆಗೆ ಹೊರುವ ದೊಡ್ಡ ಪಿಕಪ್. 2022ರ ಟಾಟಾ ಯೋಧ 2.0 ಮತ್ತು ಮಹೀಂದ್ರಾ ಬೊಲೆರೊ ಮ್ಯಾಕ್ಸ್ ಪಿಕಪ್‌ನ ಮೇಲ್ದರ್ಜೆಯ ಮಾದರಿಗಳು ಇದಕ್ಕೆ ಉದಾಹರಣೆ. ಬೊಲೆರೊ ಮ್ಯಾಕ್ಸ್ ಶ್ರೇಣಿಯ ಆರಂಭಿಕ ಬೆಲೆ 2023ರಲ್ಲಿ 7.85 ಲಕ್ಷ ರೂಪಾಯಿ ಇತ್ತು. ಇದಕ್ಕೂ ಮೇಲೆ, 1986ರಿಂದ ಓಡುತ್ತಿರುವ ಟಾಟಾ 407ರಂಥ ವಾಹನಗಳಿವೆ.

ಸಿಮೆಂಟಿನ ಲೆಕ್ಕ, ಮೆಣಸಿನಕಾಯಿಯ ಲೆಕ್ಕ

ಮೆಟ್ಟಿಲುಗಳ ಅಂತರವನ್ನು ಸಿಮೆಂಟಿನ ಚೀಲದಿಂದ ಅಳೆಯುವುದು ಸುಲಭ. 50 ಕೆ.ಜಿ.ಯ ಚೀಲಗಳನ್ನು ಮುಕ್ಕಾಲು ಟನ್ನಿನ ವಾಹನ 15 ಹೊರುತ್ತದೆ, ಒಂದೂವರೆ ಟನ್ನಿನದು 30, ಎರಡು ಟನ್ನಿನದು 40. ಸಿಮೆಂಟು, ಗೊಬ್ಬರ, ಕಬ್ಬಿಣ, ಬೆಲ್ಲ ಸಾಗಿಸುವವರಿಗೆ ಈ ಅಂಕಿಯೇ ಮುಖ್ಯ. ಅಂಥ ಸರಕು ವಾಹನದ ತೊಟ್ಟಿಯನ್ನು ತುಂಬುವ ಮುನ್ನವೇ ತೂಕದ ಮಿತಿ ಮುಟ್ಟಿರುತ್ತದೆ. ತೊಟ್ಟಿಯಲ್ಲಿ ಜಾಗ ಉಳಿದಿರುವುದು ಕಣ್ಣಿಗೆ ಕಾಣುತ್ತದೆ. ತೂಕ ಮುಗಿದಿರುವುದು ಕಾಣುವುದಿಲ್ಲ. ಮಿತಿಮೀರಿದ ಹೇರು ಮೊದಲಾಗುವುದು ಇಲ್ಲಿಯೇ.

ಈ ಸೀಮೆಯ ಹೆಸರನ್ನೇ ಹೊತ್ತ ಸಂಕೇಶ್ವರಿ ಮೆಣಸಿನಕಾಯಿಯ ಮಾತು ಇದಕ್ಕೆ ತದ್ವಿರುದ್ಧ. ಒಣಗಿದ ಕಾಯಿ ಹಗುರ, ಆದರೆ ಜಾಗ ನುಂಗುತ್ತದೆ. ಕೊತ್ತಂಬರಿ, ಮೆಂತ್ಯೆಯಂಥ ಸೊಪ್ಪಿನ ಹೊರೆ, ಖಾಲಿ ಕ್ರೇಟು, ಹಾಸಿಗೆ, ಪ್ಲಾಸ್ಟಿಕ್ ಸಾಮಾನುಗಳದ್ದೂ ಇದೇ ಗುಣ. ಇಂಥ ಸರಕಿನವರು ಟನ್ನಿನ ಅಂಕಿ ನೋಡಿ ಹಣ ಸುರಿಯುವುದು ವ್ಯರ್ಥ. ಅವರಿಗೆ ಬೇಕಾದದ್ದು ತೊಟ್ಟಿಯ ಉದ್ದ. ಬೊಲೆರೊ ಮ್ಯಾಕ್ಸ್‌ನ ಮೇಲ್ದರ್ಜೆಯ ಮಾದರಿಯ ತೊಟ್ಟಿ 3,050 ಮಿಲಿಮೀಟರ್, ಅಂದರೆ ಸುಮಾರು ಹತ್ತು ಅಡಿ. ಹಗುರ ಸರಕಿನವರಿಗೆ ದೊಡ್ಡ ಪಿಕಪ್ ಬೇಕೆನಿಸಿದರೆ ಅದು ಈ ಹತ್ತಡಿಗಾಗಿಯೇ ಹೊರತು ಎರಡು ಟನ್ನಿಗಾಗಿ ಅಲ್ಲ.

ಒಂದೇ ಪೇಟೆಯಲ್ಲಿ ವ್ಯಾಪಾರ ಮಾಡುವ ಇಬ್ಬರಿಗೆ ಒಂದೇ ವಾಹನ ಸರಿಹೊಂದದಿರುವುದಕ್ಕೆ ಕಾರಣ ಇದು. ಪಕ್ಕದವನು ಕೊಂಡನೆಂದು ಕೊಳ್ಳುವವನು ಪಕ್ಕದವನ ಸರಕಿಗೆ ತಕ್ಕ ವಾಹನವನ್ನು ತನ್ನ ಸಾಲದಲ್ಲಿ ಕೊಂಡಂತಾಗುತ್ತದೆ.

ಕಾನೂನಿನ ಎರಡು ಗೆರೆಗಳು

ಗಾತ್ರದ ಆಯ್ಕೆಯನ್ನು ಸರಕಿನಷ್ಟೇ ಕಾನೂನೂ ನಿರ್ಧರಿಸುತ್ತದೆ. ವಾಹನದ ಸ್ವಂತ ತೂಕ ಮತ್ತು ಹೇರು ಸೇರಿದ ಒಟ್ಟು ತೂಕ 3,000 ಕೆ.ಜಿ. ಮೀರದಿದ್ದರೆ ಅಂಥ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲ ಎಂದು 1988ರ ಮೋಟಾರು ವಾಹನ ಕಾಯ್ದೆಯ 66ನೇ ಕಲಂ ಹೇಳುತ್ತದೆ. ಮಿನಿ ಟ್ರಕ್‌ಗಳು ಈ ಗೆರೆಯೊಳಗಿವೆ. ಒಂದೂವರೆ ಟನ್‌ವರೆಗಿನ ಹಲವು ಮಾದರಿಗಳೂ ಇದರೊಳಗೇ ಉಳಿಯುವಂತೆ ತಯಾರಾಗಿವೆ. ಎರಡು ಟನ್ ಹೊರುವ ವಾಹನದ ಸ್ವಂತ ತೂಕವೇ ಒಂದು ಟನ್ನಿಗಿಂತ ಹೆಚ್ಚಿರುವುದರಿಂದ ಅದು ಗೆರೆ ದಾಟಲೇಬೇಕು.

ರಾಜ್ಯದ ಒಳನಾಡಿನವರಿಗೆ ಇದು ದೊಡ್ಡ ಸಂಗತಿಯಲ್ಲದಿರಬಹುದು. ಸಂಕೇಶ್ವರದವರಿಗೆ ಹಾಗಲ್ಲ. ಗಡಹಿಂಗ್ಲಜ ಮಹಾರಾಷ್ಟ್ರದಲ್ಲಿದೆ, ಆದರೆ ವ್ಯಾಪಾರದ ದೃಷ್ಟಿಯಿಂದ ಅದು ಪಕ್ಕದ ಓಣಿ. ಕೊಲ್ಹಾಪುರದ ಮಾರುಕಟ್ಟೆಯೂ ದೂರದ್ದಲ್ಲ. ಗೆರೆಯ ಮೇಲಿನ ವಾಹನ ನಿತ್ಯ ರಾಜ್ಯದ ಗಡಿ ದಾಟಬೇಕಾದರೆ ಅದಕ್ಕೆ ತಕ್ಕ ಪರ್ಮಿಟ್ ಪಡೆದು, ಕಾಲಕಾಲಕ್ಕೆ ನವೀಕರಿಸುತ್ತ ಹೋಗಬೇಕು. ಅದರ ಶುಲ್ಕ ಪ್ರತಿ ಖೇಪಿನ ಬಾಡಿಗೆಯಿಂದಲೇ ಹುಟ್ಟಬೇಕು. ಅರ್ಧ ಟನ್ ಹೆಚ್ಚು ಹೊರುವ ಲಾಭ ಈ ಖರ್ಚನ್ನು ತೂಗಿಸುವುದೇ ಎಂದು ಗಡಿಯ ವ್ಯಾಪಾರಿ ಮೊದಲೇ ಲೆಕ್ಕ ಹಾಕಬೇಕಾಗುತ್ತದೆ.

ಎರಡನೆಯ ಗೆರೆ 7,500 ಕೆ.ಜಿ.ಯದು. ಕಾರಿನ ಚಾಲನಾ ಪರವಾನಗಿ ಇರುವವರು ಸರಕು ವಾಹನ ಓಡಿಸಬಹುದೇ ಎಂಬ ವಿವಾದ ವರ್ಷಗಟ್ಟಲೆ ನ್ಯಾಯಾಲಯಗಳಲ್ಲಿ ನಡೆದಿತ್ತು. ಅಪಘಾತವಾದಾಗ ವಿಮಾ ಕಂಪನಿಗಳು ಇದೇ ನೆಪದಲ್ಲಿ ಹೊಣೆ ನಿರಾಕರಿಸುತ್ತಿದ್ದವು. 2017ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಚಾಲಕರ ಪರವಾಗಿ ನೀಡಿದ್ದ ತೀರ್ಪನ್ನು 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಎತ್ತಿಹಿಡಿಯಿತು. ಒಟ್ಟು ತೂಕ 7,500 ಕೆ.ಜಿ. ಮೀರದ ಸರಕು ವಾಹನವನ್ನು ಲಘು ವಾಹನ ಪರವಾನಗಿಯಲ್ಲೇ ಓಡಿಸಬಹುದೆಂಬುದು ಈಗ ಇತ್ಯರ್ಥವಾದ ವಿಷಯ. ಮಧ್ಯಮ ಮತ್ತು ದೊಡ್ಡ ಪಿಕಪ್‌ಗಳೆರಡೂ ಈ ಮಿತಿಯೊಳಗಿರುವುದರಿಂದ ಚಾಲಕನ ಪರವಾನಗಿಯ ಕಾರಣಕ್ಕಾಗಿ ಚಿಕ್ಕದನ್ನು ಆರಿಸಬೇಕಾದ ಅಗತ್ಯ ಉಳಿದಿಲ್ಲ.

ತೆರಿಗೆ ಇಳಿಕೆಯ ಫಲವೂ ಎಲ್ಲರಿಗೆ ಸಮನಲ್ಲ ಎಂಬುದು ಗಮನಾರ್ಹ. ತೆರಿಗೆ ಹಾಕಿ ಮಾರುವ ನೋಂದಾಯಿತ ವ್ಯಾಪಾರಿ, ಸರಕು ವಾಹನಕ್ಕೆ ಕೊಟ್ಟ ತೆರಿಗೆಯನ್ನು ತನ್ನ ಬಾಕಿಯಲ್ಲಿ ಹೊಂದಿಸಿಕೊಳ್ಳುವ ಅವಕಾಶ ಹಿಂದೆಯೂ ಇತ್ತು. ಆತನಿಗೆ ಇಳಿಕೆಯಿಂದ ಆಗುವ ಮುಖ್ಯ ಅನುಕೂಲ ಆರಂಭದ ಬಂಡವಾಳದ್ದು. ನೋಂದಣಿ ಇಲ್ಲದ ರೈತನಿಗೆ ಮಾತ್ರ ಅದು ನಿಜವಾದ ಉಳಿತಾಯ. ಆ ಉಳಿತಾಯವನ್ನು ದೊಡ್ಡ ವಾಹನಕ್ಕೆ ಸುರಿಯುವುದೋ, ಸಾಲದ ಮೊತ್ತ ಇಳಿಸಿಕೊಳ್ಳುವುದೋ ಎಂಬುದು ಆತನ ಮುಂದಿರುವ ಆಯ್ಕೆ.

ಹೇರು ಮೀರಿದಾಗ

ಚಿಕ್ಕದನ್ನು ಕೊಂಡು ದೊಡ್ಡದರ ಹೇರು ಹಾಕುವುದು ಮೂರನೆಯ ದಾರಿ. ದುರದೃಷ್ಟವಶಾತ್ ಅದೇ ಹೆಚ್ಚು ಸವೆದ ದಾರಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಮಿತಿಮೀರಿದ ಹೇರಿಗೆ 20 ಸಾವಿರ ರೂಪಾಯಿ ದಂಡ, ಅದರ ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2 ಸಾವಿರ ರೂಪಾಯಿ. ಹೆಚ್ಚುವರಿ ಸರಕನ್ನು ಇಳಿಸುವ ಖರ್ಚೂ ವಾಹನದವನದ್ದೇ. ಹತ್ತು ಚೀಲ ಹೆಚ್ಚಿಗೆ ಹೇರಿ ಗಳಿಸುವ ಕೆಲವು ನೂರು ರೂಪಾಯಿಗೂ ಈ ದಂಡಕ್ಕೂ ತಾಳೆಯೇ ಇಲ್ಲ.

ದಂಡ ತಪ್ಪಿಸಿಕೊಳ್ಳಬಹುದು, ಘಟ್ಟವನ್ನು ತಪ್ಪಿಸಿಕೊಳ್ಳಲಾಗದು. ಮಳೆಗಾಲದಲ್ಲಿ ಭೂಕುಸಿತಕ್ಕೆ ಹೆಸರಾದ ಆಂಬೋಲಿಯ ಇಳಿಜಾರಿನಲ್ಲಿ ಒಂದೂವರೆ ಟನ್ನಿಗೆಂದು ಕೂರಿಸಿದ ಬ್ರೇಕು ಎರಡೂವರೆ ಟನ್ನನ್ನು ತಡೆಯಬೇಕಾಗಿ ಬಂದರೆ ಆಗುವ ಅನಾಹುತವನ್ನು ವಿವರಿಸಬೇಕಿಲ್ಲ.

ಸರಕಿನ ಮೇಲೆ ಜನ ಕೂರುವುದು ಇನ್ನೂ ದೊಡ್ಡ ದುರಂತಕ್ಕೆ ಆಹ್ವಾನ. 2025ರ ಜನವರಿ 22ರಂದು ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು, ತರಕಾರಿ ಹೊತ್ತು ಹೊರಟಿದ್ದ ಲಾರಿಯೊಂದು ಯಲ್ಲಾಪುರ ತಾಲ್ಲೂಕಿನಲ್ಲಿ ಕಂದಕಕ್ಕೆ ಉರುಳಿ, ಅದರಲ್ಲಿದ್ದ ವ್ಯಾಪಾರಿಗಳಲ್ಲಿ 10 ಮಂದಿ ಸತ್ತರು. ಅದು ಪಿಕಪ್ ಆಗಿರಲಿಲ್ಲ. ಆದರೆ ತಮ್ಮ ಸರಕಿನ ಜೊತೆಗೇ ಸಂತೆಗೆ ಹೋಗುವ ಚಿಕ್ಕ ವ್ಯಾಪಾರಿಗಳ ಪಾಡು ಹುಕ್ಕೇರಿ, ಗೋಕಾಕ, ಮೂಡಲಗಿಗಳಲ್ಲೂ ಬೇರೆಯಲ್ಲ. ಸರಕು ವಾಹನದಲ್ಲಿ ಸುಮ್ಮನೆ ಏರಿ ಕುಳಿತ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಸರಕಿನ ಒಡೆಯ ಅಥವಾ ಆತನ ಅಧಿಕೃತ ಪ್ರತಿನಿಧಿಗೆ ಕಾನೂನಿನ ರಕ್ಷಣೆ ಇದೆಯಾದರೂ, ಅದನ್ನು ನಂಬಿ ಹತ್ತಿಪ್ಪತ್ತು ಜನ ಚೀಲಗಳ ಮೇಲೆ ಕೂರುವಂತಿಲ್ಲ. ಸರಕಿನೊಂದಿಗೆ ನಾಲ್ಕು ಜನರನ್ನು ನಿತ್ಯ ಕರೆದೊಯ್ಯಬೇಕಾದವರಿಗೆ ಬೊಲೆರೊ ಕ್ಯಾಂಪರ್‌ನಂಥ ಎರಡು ಸಾಲು ಆಸನದ ವಾಹನಗಳಿವೆ. ಅವುಗಳಲ್ಲಿ ತೊಟ್ಟಿ ಚಿಕ್ಕದಾಗುತ್ತದೆ, ಹೇರು ಇಳಿಯುತ್ತದೆ. ಆ ನಷ್ಟವನ್ನು ಒಪ್ಪಿಕೊಳ್ಳುವುದೇ ವಿವೇಕ.

ಖಾಲಿ ಬರುವ ವಾಹನದ ಕಂತು

ಹಾಗೆಂದು ದೊಡ್ಡದೇ ಸುರಕ್ಷಿತ ಎಂದು ತೀರ್ಮಾನಿಸುವಂತಿಲ್ಲ. ದೊಡ್ಡ ವಾಹನ ಕೊಂಡವನಿಗೆ ಎದುರಾಗುವುದು ಇನ್ನೊಂದು ಬಗೆಯ ಭಾರ. ಸುಗ್ಗಿಯ ಎರಡು ಮೂರು ತಿಂಗಳು ವಾಹನ ತುಂಬಿ ಓಡುತ್ತದೆ. ಉಳಿದ ತಿಂಗಳು ಅರ್ಧ ಹೇರಿನಲ್ಲಿ ಹೋಗಿ ಖಾಲಿ ಮರಳುತ್ತದೆ. ಬ್ಯಾಂಕಿನ ಕಂತು ಮಾತ್ರ ಹನ್ನೆರಡು ತಿಂಗಳೂ ಒಂದೇ. ವಿಮೆ, ಟೈರು, ಎಂಟು ವರ್ಷ ಮುಗಿಯುವವರೆಗೆ ಎರಡು ವರ್ಷಕ್ಕೊಮ್ಮೆ ಮತ್ತು ಅನಂತರ ವರ್ಷ ವರ್ಷವೂ ಮಾಡಿಸಬೇಕಾದ ಅರ್ಹತಾ ಪತ್ರದ ಖರ್ಚು ಇದಕ್ಕೆ ಸೇರುತ್ತವೆ. ಕಂತು ತುಂಬಲಾಗದೆ ವಾಹನ ಜಪ್ತಿಯಾದರೆ ಹೋಗುವುದು ಬರೀ ವಾಹನವಲ್ಲ, ಅದಕ್ಕೆಂದು ಅಡವಿಟ್ಟ ಬಂಗಾರ, ಒತ್ತೆಯಿಟ್ಟ ಹೊಲ, ಜೊತೆಗೆ ಒಂದು ಕುಟುಂಬದ ದುಡಿಮೆ.

ಇದನ್ನೆಲ್ಲ ಕೂಡಿಸಿ ನೋಡಿದರೆ ಒಂದು ಸೂತ್ರ ದೊರೆಯುತ್ತದೆ. ವಾಹನವನ್ನು ವರ್ಷದ ಅತಿ ಭಾರದ ದಿನಕ್ಕಾಗಿ ಕೊಳ್ಳಬಾರದು, ಸಾಮಾನ್ಯ ದಿನಕ್ಕಾಗಿ ಕೊಳ್ಳಬೇಕು. ಕಳೆದ ಮೂರು ತಿಂಗಳ ಖೇಪುಗಳನ್ನು ಬರೆದಿಟ್ಟು, ಬಹುಪಾಲು ಖೇಪುಗಳಲ್ಲಿ ಒಂದೂವರೆ ಟನ್ ದಾಟಿದೆಯೇ ಎಂದು ನೋಡಿದರೆ ಉತ್ತರ ತಾನಾಗಿ ಸಿಗುತ್ತದೆ. ದಾಟದಿದ್ದರೆ ಮಧ್ಯಮ ಪಿಕಪ್ ಸಾಕು. ಸುಗ್ಗಿಯ ಹೆಚ್ಚಿನ ಸರಕಿಗೆ ಬಾಡಿಗೆ ವಾಹನ ಹಿಡಿಯುವುದೇ ಅಗ್ಗ. ನಿತ್ಯವೂ ದಾಟುತ್ತಿದ್ದರೆ ಚಿಕ್ಕದರಲ್ಲಿ ಉಳಿಸಿದ ಹಣ ದಂಡಕ್ಕೆ, ಮುರಿದ ಪಟ್ಟಾಕ್ಕೆ, ಸವೆದ ಟೈರಿಗೆ ಹೋಗುವುದು ನಿಶ್ಚಿತ.

ಆದರೆ ಹೊಣೆಯೆಲ್ಲ ಕೊಳ್ಳುವವನದ್ದೇ ಅಲ್ಲ. ಬಾಡಿಗೆಯನ್ನು ಕ್ವಿಂಟಲ್ ಲೆಕ್ಕದಲ್ಲಿ ಕೊಡದೆ ಖೇಪಿನ ಲೆಕ್ಕದಲ್ಲಿ ಗೊತ್ತುಮಾಡುವ ರೂಢಿ ಇರುವವರೆಗೂ ಸರಕು ಕಳಿಸುವವನು ಇನ್ನಷ್ಟು ಚೀಲ ಹೇರಲು ನೋಡುತ್ತಾನೆ, ಮುಂದಿನ ಬಾಡಿಗೆ ಕೈತಪ್ಪೀತೆಂಬ ಭಯದಲ್ಲಿ ಚಾಲಕ ಸುಮ್ಮನಿರುತ್ತಾನೆ. ಮಾರುಕಟ್ಟೆ ಪ್ರಾಂಗಣ ಬಿಡುವ ಮುನ್ನವೇ ತೂಕದ ಚೀಟಿ ಕಡ್ಡಾಯವಾಗಿ, ಬಾಡಿಗೆ ಆ ಚೀಟಿಯ ಮೇಲೆ ನಿಗದಿಯಾದರೆ ಈ ಪೈಪೋಟಿಗೆ ಅರ್ಥವೇ ಉಳಿಯುವುದಿಲ್ಲ. ತೆರಿಗೆ ಇಳಿಸಿ ವಾಹನ ಕೊಳ್ಳುವುದನ್ನು ಸುಲಭಗೊಳಿಸಿದ ಸರ್ಕಾರಗಳು ಅದನ್ನು ಪ್ರಾಮಾಣಿಕವಾಗಿ ಓಡಿಸಿ ಬದುಕುವುದನ್ನೂ ಸುಲಭಗೊಳಿಸಬೇಕಾಗಿದೆ. ಅಲ್ಲಿಯವರೆಗೆ ಹೊಸ ಪಿಕಪ್‌ಗೆ ಮಾಲೆ ಹಾಕಿ, ನಿಂಬೆಹಣ್ಣು ಹತ್ತಿಸಿ ಹೊರಡುವ ಪ್ರತಿಯೊಬ್ಬನೂ ತನ್ನ ತಕ್ಕಡಿಯನ್ನು ತಾನೇ ಹಿಡಿಯಬೇಕು.