ಬೇಡ ಅಂದ ಮೇಲೆ ಏನು?

ಮೇ ತಿಂಗಳು ಬಂತು ಅಂದ್ರೆ ನಮ್ಮ ಕ್ಯಾಂಪಸ್ಸಲ್ಲಿ ಓಡೋದು ಎರಡೇ ಮಾತು: ಇಂಟರ್ನ್‌ಶಿಪ್ ಸಿಕ್ತಾ, ಬ್ಯಾಕ್ ಎಷ್ಟು ಉಳೀತು. ಅಮೆರಿಕದ ಕಾಲೇಜುಗಳಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಬೇರೆಯದೇ ತಲೆಬಿಸಿ ಇರುತ್ತೆ. ಅತ್ತೆ, ಮಾವ, ಪಕ್ಕದ ಮನೆಯವರು, ಹಳೇ ಟೀಚರ್, ಚರ್ಚಿನ ಹಿರಿಯರು, ಹೀಗೆ ಗೊತ್ತಿರೋರಿಗೆಲ್ಲ ಕಾಗದ ಬರೆದು ಕೆಲವು ಸಾವಿರ ಡಾಲರ್ ಕೂಡಿಸಬೇಕು. ಆ ದುಡ್ಡಲ್ಲಿ ಯುರೋಪಿಗೋ ಏಷ್ಯಾಕ್ಕೋ ಹೋಗಿ, ಐದಾರು ವಾರ ಅಲ್ಲಿನ ಯೂನಿವರ್ಸಿಟಿ ಹುಡುಗ ಹುಡುಗಿಯರ ಹತ್ತಿರ ಯೇಸುವಿನ ಬಗ್ಗೆ ಮಾತಾಡಿ ವಾಪಸ್ ಬರಬೇಕು. ಇದಕ್ಕೆ ಸಮ್ಮರ್ ಮಿಷನ್ ಅಂತಾರೆ. ಸಂಬಳ ಇಲ್ಲ. ರೆಸ್ಯೂಮೆಯಲ್ಲಿ ಹಾಕಿದರೆ ನಮ್ಮ ಪ್ಲೇಸ್‌ಮೆಂಟ್ ಸೆಲ್‌ನವರಂತೂ ತೆಗೆದುಹಾಕು ಅಂತಾರೆ.

ಹಾಸ್ಟೆಲ್‌ನಲ್ಲಿ ಈ ವಿಷಯ ಬಂದಾಗ ಎರಡು ಪಾರ್ಟಿ ಆಗುತ್ತೆ. "ಎಲ್ಲಾ ಮತಾಂತರದ ಬಿಸಿನೆಸ್ಸು ಮಗಾ" ಅನ್ನೋರು ಒಂದು ಕಡೆ. "ಅವರ ದುಡ್ಡು, ಅವರ ನಂಬಿಕೆ, ನಿಂಗೇನು ಕಷ್ಟ" ಅನ್ನೋರು ಇನ್ನೊಂದು ಕಡೆ. ಯಾರಾದ್ರೂ ಒಬ್ಬರು 2018ರಲ್ಲಿ ಅಂಡಮಾನಿನ ನಾರ್ತ್ ಸೆಂಟಿನೆಲ್ ದ್ವೀಪಕ್ಕೆ ಹೋಗಿ ಸತ್ತ ಜಾನ್ ಅಲೆನ್ ಚಾವ್ ಹೆಸರು ತೆಗೀತಾರೆ, ಅಲ್ಲಿಗೆ ಚರ್ಚೆ ಮುಗೀತು. ಅದು ತೀರಾ ವಿಪರೀತದ ಉದಾಹರಣೆ. ಈ ಹುಡುಗರಲ್ಲಿ ಹೆಚ್ಚಿನವರು ಹೋಗೋದು ಕಾಡಿಗಲ್ಲ, ಕಾಫಿ ಶಾಪಿಗೆ.

ಇದರ ಹಿಂದೆ 200 ವರ್ಷದ ಕಥೆ ಇದೆ. 1806ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ವಿಲಿಯಮ್ಸ್ ಕಾಲೇಜಿನ ಐದು ಜನ ವಿದ್ಯಾರ್ಥಿಗಳು ಪ್ರಾರ್ಥನೆಗೆ ಅಂತ ಹೊರಗೆ ಹೋಗಿದ್ದಾಗ ಗುಡುಗು ಮಳೆ ಬಂತು. ಹುಲ್ಲಿನ ಬಣವೆ ಮರೆಯಲ್ಲಿ ನಿಂತು ಏಷ್ಯಾದ ಜನರಿಗೆ ಸುವಾರ್ತೆ ಮುಟ್ಟಿಸೋ ಮಾತಾಡಿದರು. ಇವತ್ತಿಗೂ ಅದನ್ನ ಬಣವೆ ಪ್ರಾರ್ಥನೆ ಅಂತಲೇ ಕರೀತಾರೆ. ಅದರಿಂದ ಹುಟ್ಟಿದ ಉತ್ಸಾಹದಲ್ಲಿ 1810ರಲ್ಲಿ ಅಮೆರಿಕನ್ ಬೋರ್ಡ್ ಅನ್ನೋ ಮಿಷನ್ ಸಂಸ್ಥೆ ಆಯ್ತು. 1812ರಲ್ಲಿ ಅದರ ಮೊದಲ ತಂಡ ಕಲ್ಕತ್ತಕ್ಕೆ ಬಂದಿಳಿಯಿತು. ಈಸ್ಟ್ ಇಂಡಿಯಾ ಕಂಪನಿ "ಹೊರಡಿ" ಅಂತು. (ಕಂಪನಿಗೆ ವ್ಯಾಪಾರ ಮುಖ್ಯ, ಧರ್ಮದ ಗಲಾಟೆ ಬೇಡವಾಗಿತ್ತು.) ಆ ತಂಡದಲ್ಲಿದ್ದ ಅಡೋನಿರಾಮ್ ಜಡ್ಸನ್ ಬರ್ಮಾಕ್ಕೆ ಹೋದರು. ರಂಗೂನ್ ಮುಟ್ಟಿದ್ದು 1813ರಲ್ಲಿ. ಅಲ್ಲಿ ಅವರ ಮಾತು ಕೇಳಿ ಮೊದಲನೇ ವ್ಯಕ್ತಿ ಕ್ರೈಸ್ತನಾಗಿದ್ದು 1819ರಲ್ಲಿ.

ಆರು ವರ್ಷ! ಈಗಿನವರದ್ದು ಆರು ವಾರ.

ಈಗಿನ ರೂಪ ಬಂದದ್ದು 1951ರ ನಂತರ. ಆ ವರ್ಷ ಬಿಲ್ ಬ್ರೈಟ್ ಅನ್ನೋರು ತಮ್ಮ ಹೆಂಡತಿ ವೊನೆಟ್ ಜೊತೆ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಕ್ಯಾಂಪಸ್ಸಲ್ಲಿ ಕ್ಯಾಂಪಸ್ ಕ್ರುಸೇಡ್ ಫಾರ್ ಕ್ರೈಸ್ಟ್ ಶುರು ಮಾಡಿದರು. ಈಗ ಅಮೆರಿಕದಲ್ಲಿ ಅದರ ಹೆಸರು ಕ್ರೂ. ಬ್ರೈಟ್ ಮೊದಲು ಮಿಠಾಯಿ ವ್ಯಾಪಾರಿ. ಮಾರೋದು ಹೇಗೆ ಅಂತ ಚೆನ್ನಾಗಿ ಗೊತ್ತಿದ್ದ ಮನುಷ್ಯ. ಇಡೀ ಧರ್ಮವನ್ನ ಒಂದು ಪುಟ್ಟ ಪುಸ್ತಿಕೆಯಲ್ಲಿ ನಾಲ್ಕು ನಿಯಮ ಅಂತ ಇಳಿಸಿದರು. ಭೌತಿಕ ಜಗತ್ತಿಗೆ ನಿಯಮಗಳಿರುವ ಹಾಗೇ ಆಧ್ಯಾತ್ಮಿಕ ಜಗತ್ತಿಗೂ ಇವೆ ಅಂತಲೇ ಅದು ಶುರುವಾಗೋದು. ಥರ್ಮೋಡೈನಾಮಿಕ್ಸ್‌ಗೂ ಝೀರೋತ್ ಸೇರಿಸಿ ನಾಲ್ಕೇ, ಆದರೆ ಅದನ್ನ ಹತ್ತು ನಿಮಿಷದಲ್ಲಿ ಅರ್ಥ ಮಾಡಿಸ್ತೀನಿ ಅಂತ ನಮ್ಮ ಮೇಷ್ಟ್ರು ಯಾವತ್ತೂ ಹೇಳಿಲ್ಲ.

ಬೇಸಿಗೆಯ ಕೆಲಸ ನಡೆಯೋದು ಸಾಮಾನ್ಯವಾಗಿ ಹೀಗೆ. ತಂಡ ಒಂದು ಊರಿಗೆ ಇಳಿಯುತ್ತೆ. ಬೆಳಗ್ಗೆ ಪ್ರಾರ್ಥನೆ, ಆಮೇಲೆ ಇಬ್ಬಿಬ್ಬರಾಗಿ ಕ್ಯಾಂಪಸ್ಸಿಗೆ. ಕೈಯಲ್ಲಿ ಒಂದು ಸರ್ವೆ, ಇಲ್ಲಾ ಫುಟ್‌ಬಾಲ್, ಇಲ್ಲಾ "ಇಂಗ್ಲಿಷ್ ಮಾತಾಡೋಣ ಬನ್ನಿ" ಅನ್ನೋ ಕ್ಲಬ್. ಪರಿಚಯ, ಕಾಫಿ, ಭಾನುವಾರ ಬೆಟ್ಟ ಹತ್ತೋದು, ನಂತರ ಮೆಲ್ಲಗೆ ಬೈಬಲ್. ಊರಿಗೆ ಹೋಗಿ ದುಡ್ಡು ಕೊಟ್ಟವರಿಗೆಲ್ಲ ಒಂದು ಕಾಗದ: ಇಷ್ಟು ಜನರ ಜೊತೆ ಮಾತಾಡಿದೆವು, ಇಷ್ಟು ಜನ ಒಪ್ಪಿದರು.

ಇದರಲ್ಲಿ ನನಗೆ ಮೆಚ್ಚುಗೆ ಇರೋದು ಎರಡು ವಿಷಯಕ್ಕೆ. 19-20ರ ವಯಸ್ಸಲ್ಲಿ ಗುರುತಿಲ್ಲದವರ ಮುಂದೆ ನಿಂತು ತಾನು ನಂಬಿದ್ದನ್ನ ಬಾಯಿಬಿಟ್ಟು ಹೇಳೋದು ಸುಲಭ ಅಲ್ಲ. ವೈವಾದಲ್ಲಿ ನಮಗೆ ಗೊತ್ತಿರೋ ಉತ್ತರವೇ ಬಾಯಿಗೆ ಬರಲ್ಲ. ಎರಡನೇದು ದುಡ್ಡು. ಯಾಕೆ, ಎಲ್ಲಿಗೆ, ಎಷ್ಟು ಅಂತ ಬರೆದು ಕೇಳ್ತಾರೆ, ಕೊಡೋರು ಗೊತ್ತಿದ್ದೇ ಕೊಡ್ತಾರೆ.

ತಕರಾರು ಶುರುವಾಗೋದು ಆ ಇಂಗ್ಲಿಷ್ ಕ್ಲಬ್ ಹತ್ತಿರ. ದುಡ್ಡು ಕೊಡೋ ಅತ್ತೆಗೆ ಪೂರ್ತಿ ವಿಷಯ ಗೊತ್ತು, ಆದರೆ ಇಂಗ್ಲಿಷ್ ಕಲಿಯೋಕೆ ಬಂದ ಹುಡುಗನಿಗೆ ಅರ್ಧ ಮಾತ್ರ. ಚೀನಾದಂಥ ದೇಶದಲ್ಲಿ ವಿದೇಶಿಯರು ಸ್ಥಳೀಯರ ನಡುವೆ ಧರ್ಮಪ್ರಚಾರ ಮಾಡೋ ಹಾಗಿಲ್ಲ, ಅದಕ್ಕೇ ಕೆಲವು ಕಡೆ ದೇಶದ ಹೆಸರನ್ನೂ ಬರೆಯದೆ ಬರೀ "ಪೂರ್ವ ಏಷ್ಯಾ" ಅಂತಾರೆ. ನಮ್ಮಲ್ಲೂ ಟೂರಿಸ್ಟ್ ವೀಸಾದಲ್ಲಿ ಬಂದು ಪ್ರಚಾರ ಮಾಡುವಂತಿಲ್ಲ, ಅದಕ್ಕೆ ಮಿಷನರಿ ವೀಸಾ ಬೇರೆ ಇದೆ. ಸಂವಿಧಾನದ 25ನೇ ವಿಧಿ ಧರ್ಮವನ್ನ ಪ್ರಚಾರ ಮಾಡೋ ಹಕ್ಕು ಕೊಡುತ್ತೆ. ಆ ಹಕ್ಕಿನಲ್ಲಿ ಇನ್ನೊಬ್ಬರನ್ನ ಮತಾಂತರಿಸೋ ಹಕ್ಕು ಸೇರಿಲ್ಲ ಅಂತ 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾನೂನು ಒಂದು ಕಡೆ ಇರಲಿ. ಸ್ನೇಹ ಅಂತ ಕೂತವನಿಗೆ ತಾನು ಇವರ ಲಿಸ್ಟಲ್ಲಿ ಇದ್ದೀನಿ ಅಂತ ಗೊತ್ತಿರಬೇಕಲ್ವಾ?

ನಮ್ಮ ದೊಡ್ಡಪ್ಪನ ಮಗಳು ಎಂಎಸ್ ಮಾಡೋಕೆ ಟೆಕ್ಸಾಸ್‌ಗೆ ಹೋದಳು. ಮೊದಲ ವಾರ ಅಲ್ಲಿನ ಒಂದು ಚರ್ಚಿನ ದಂಪತಿ ಇವಳನ್ನೂ ರೂಮ್‌ಮೇಟನ್ನೂ ಕಾರಲ್ಲಿ ಕರ್ಕೊಂಡು ಹೋಗಿ ಅಕ್ಕಿ ಬೇಳೆ ಕೊಡಿಸಿ, ಒಂದು ಹಳೇ ಸೋಫಾ, ಎರಡು ಹಾಸಿಗೆ ತಂದು ಹಾಕಿದರು. ಶುಕ್ರವಾರ ಶುಕ್ರವಾರ ಊಟಕ್ಕೆ ಕರೆದರು. ಮೂರು ತಿಂಗಳಾದ ಮೇಲೆ ಬೈಬಲ್ ಸ್ಟಡಿಗೆ ಬರ್ತೀರಾ ಅಂದರು. ಅಕ್ಕ ಬರಲ್ಲ ಅಂದಳು. "ಇನ್ನೇನು ಸೋಫಾ ವಾಪಸ್ ಕೇಳ್ತಾರೆ ಅಂದ್ಕೊಂಡೆ ಕಣೋ" ಅಂತ ಫೋನಲ್ಲಿ ನಗ್ತಿದ್ದಳು. ಕೇಳಲಿಲ್ಲ. ಮುಂದಿನ ಶುಕ್ರವಾರವೂ ಕರೆದರು. ಡಿಸೆಂಬರಿನಲ್ಲಿ ಅವಳಿಗೆ ಜ್ವರ ಬಂದಾಗ ಆ ಆಂಟಿನೇ ಡಾಕ್ಟರ ಹತ್ತಿರ ಕರ್ಕೊಂಡು ಹೋದದ್ದು. ಅದೇ ಊರಲ್ಲಿ ಇನ್ನೊಂದು ಗುಂಪಿನ ಹುಡುಗಿ, ಇವಳಿಗೆ ದಿನಾ ಮೆಸೇಜ್ ಮಾಡ್ತಿದ್ದವಳು, ಬೇಡ ಅಂದ ಮಾರನೇ ದಿನದಿಂದ ಸುಮ್ಮನಾದಳು.

ನನ್ನ ಮಟ್ಟಿಗೆ ಪರೀಕ್ಷೆ ಇದೇ. ಯಾರು ಯಾವ ದೇವರನ್ನ ಹೇಳಿದರು ಅನ್ನೋದಲ್ಲ, ಬೇಡ ಅಂದ ಮೇಲೆ ಏನು ಮಾಡಿದರು ಅನ್ನೋದು. ಆರು ವಾರದ ಪ್ರಾಜೆಕ್ಟಲ್ಲಿ ಆ "ಮೇಲೆ" ಅನ್ನೋದೇ ಇಲ್ಲ. ಆರನೇ ವಾರ ಒಬ್ಬ ಬೇಡ ಅಂದ, ಏಳನೇ ವಾರ ಇವರು ಏರ್‌ಪೋರ್ಟಲ್ಲಿ.

"ಹೌದು" ಅಂದವನ ಕಥೆ ಇನ್ನೂ ಕಷ್ಟ. ಇದನ್ನ ನಮ್ಮ ಮಂಗಳೂರಿನಷ್ಟು ಚೆನ್ನಾಗಿ ಹೇಳೋ ಊರು ಕಡಿಮೆ. ಬಾಸೆಲ್ ಮಿಷನ್ ಅಲ್ಲಿಗೆ ಬಂದದ್ದು 1834ರಲ್ಲಿ. ಬಂದದ್ದು ಕನ್ನಡ ಸೇವೆಗಲ್ಲ, ಮತಾಂತರಕ್ಕೇ, ಅದರಲ್ಲಿ ಮುಚ್ಚುಮರೆ ಇರಲಿಲ್ಲ. ಆದರೆ ಕ್ರೈಸ್ತರಾದವರನ್ನ ಜಾತಿಯವರು ಹೊರಗೆ ಹಾಕಿದರು, ಮನೆ ಹೋಯ್ತು, ಕಸುಬು ಹೋಯ್ತು. ಅವರಿಗೆ ಅನ್ನದ ದಾರಿ ಏನು? ಮಿಷನ್ನಿನವರು ಊರಲ್ಲೇ ಇದ್ದರು, ಹಾಗಾಗಿ ಆ ಪ್ರಶ್ನೆ ಅವರ ಬಾಗಿಲಿಗೇ ಬಂತು. ನೇಯ್ಗೆ ಶುರುವಾಯ್ತು, 1865ರಲ್ಲಿ ಹಂಚಿನ ಕಾರ್ಖಾನೆ ಆಯ್ತು. ಮಂಗಳೂರು ಹಂಚು ಅಂತ ನಾವು ಹೇಳೋದರ ಹಿಂದೆ ಈ ಕಥೆಯೂ ಇದೆ. ಆರು ವಾರಕ್ಕೆ ಬಂದ ಹುಡುಗ ಒಬ್ಬನ ಮನಸ್ಸು ತಿರುಗಿಸಿ ಹೊರಟುಬಿಟ್ಟರೆ, ಆ ಮನೆಯಲ್ಲಿ ರಾತ್ರಿ ಆಗೋ ಜಗಳಕ್ಕೆ ಯಾರು ಕೂತ್ಕೋತಾರೆ? ಸ್ಥಳೀಯ ಚರ್ಚಿನವರು ನೋಡ್ಕೋತಾರೆ ಅಂತ ಉತ್ತರ ಕೊಡ್ತಾರೆ. ಇರಬಹುದು. ಹಾಗಿದ್ರೆ ಮಾತಾಡೋ ಕೆಲಸವನ್ನೂ ಅವರೇ ಮಾಡಬಹುದಿತ್ತಲ್ಲ, ಅವರಿಗೆ ಭಾಷೆನಾದ್ರೂ ಬರುತ್ತೆ.

ಭಾಷೆ ಅಂದಾಗ ಕಿಟೆಲ್ ನೆನಪಾಗಲೇಬೇಕು. 1853ರಲ್ಲಿ ಬಂದಾಗ ಅವರಿಗೆ 21 ವರ್ಷ, ನನಗಿಂತ ಎರಡೇ ವರ್ಷ ದೊಡ್ಡವರು. ಅವರ ನಿಘಂಟು ಅಚ್ಚಾಗಿದ್ದು 1894ರಲ್ಲಿ. ಅವರಿಗಿಂತ ಮೊದಲು ಬಂದ ಮೋಗ್ಲಿಂಗ್ 1843ರಲ್ಲಿ "ಮಂಗಳೂರ ಸಮಾಚಾರ" ತೆಗೆದರು, ಕನ್ನಡದ ಮೊದಲ ಪತ್ರಿಕೆ. ಇವರು ತಂದ ಧರ್ಮವನ್ನ ಒಪ್ಪದೇ ಇದ್ದವರಿಗೂ ಇವರ ಕೆಲಸ ಸಿಕ್ಕಿತು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ಓದಿದ ನಾನು ಈ ಲೇಖನ ಬರೆಯುವಾಗಲೂ ಎರಡು ಸಲ ಕಿಟೆಲ್ ನೋಡಿದೆ. ಇದರಲ್ಲಿ ಹೆಮ್ಮೆ ಪಡೋದೋ ನಾಚಿಕೆ ಪಡೋದೋ, ನೀವೇ ಹೇಳಿ.

ನಮ್ಮ ಕನ್ನಡ ಕ್ಲಬ್‌ನ ಬಗ್ಗೆಯೂ ಒಂದು ಮಾತು. ನಾವೂ ಪ್ರತಿ ಸೆಪ್ಟೆಂಬರ್ ಫಸ್ಟ್ ಇಯರ್‌ಗೆ ಬಂದ ಬಿಹಾರ, ಯುಪಿ ಹುಡುಗರ ಹಿಂದೆ "30 ದಿನದಲ್ಲಿ ಕನ್ನಡ" ಅಂತ ಬೀಳ್ತೀವಿ. ಇದೂ ಒಂಥರ ಮಿಷನ್ನೇ, ಸುಳ್ಳು ಯಾಕೆ ಹೇಳೋದು. ಹೋದ ವರ್ಷ ನಾಲ್ಕನೇ ಕ್ಲಾಸಿಗೆ ಬರೋದು ಬಿಟ್ಟ ಒಬ್ಬನಿಗೆ ನಮ್ಮವರಲ್ಲಿ ಕೆಲವರು ಮೆಸ್‌ನಲ್ಲಿ ಮುಖ ತಿರುಗಿಸಿದರು. ಇನ್ನು ಕೆಲವರು ಅವನಿಗೆ ಆಟೋದವರ ಹತ್ತಿರ ರೇಟ್ ಮಾತಾಡಿಕೊಡೋದನ್ನ ಬಿಡಲಿಲ್ಲ. ಅವನು ಈಗ ಸೆಮಿಸ್ಟರ್ ರಜೆಗೆ ಹೋಗುವಾಗ ರೂಮಿನ ಕೀ ಕೊಟ್ಟು ಹೋಗೋದು ಈ ಎರಡನೇ ಗುಂಪಿನವರಿಗೆ.

ನಾಳೆ ಅಂಥ ಅಮೆರಿಕನ್ ವಿದ್ಯಾರ್ಥಿ ಒಬ್ಬ ಸರಿಯಾದ ವೀಸಾ ತಗೊಂಡೇ ನಮ್ಮ ಕ್ಯಾಂಟೀನಿಗೆ ಬಂದರೆ ನಾನಂತೂ ಎದ್ದು ಹೋಗಲ್ಲ. ಅವನಿಗೂ ಸೇರಿಸಿ ಕಾಫಿ ಹೇಳ್ತೀನಿ. ಬಂದದ್ದು ಯಾಕೆ ಅಂತ ಕಾಫಿ ಬರೋ ಮೊದಲೇ ಹೇಳಲಿ. ಮತ್ತೆ ಎಷ್ಟು ದಿನ ಇರ್ತೀಯ ಅಂತ ಕೇಳ್ತೀನಿ.