ಹಳಿ ದಾಟಬೇಕಾದ ಕೇಬಲ್

ರೈಲು ಹಳಿ ದಾಟಿಸಿ ಬ್ರಾಡ್‌ಬ್ಯಾಂಡ್ ಕೇಬಲ್ ಎಳೆಯುವ ಅರ್ಜಿಗಳನ್ನು ರೈಲ್ವೆ ಕಂಪನಿಗಳು 35 ದಿನಗಳೊಳಗೆ ಇತ್ಯರ್ಥಪಡಿಸಬೇಕು, ಶುಲ್ಕ ಸಾಮಾನ್ಯವಾಗಿ 2,000 ಡಾಲರ್ ಎಂದು ಅಮೆರಿಕದ ವರ್ಜೀನಿಯಾ ರಾಜ್ಯ 2023ರಲ್ಲಿ ಶಾಸನ ರೂಪಿಸಿತು. ಇದು ಖಾಸಗಿ ಆಸ್ತಿಯ ಹಕ್ಕಿಗೆ ಧಕ್ಕೆ ಎಂದು ರೈಲ್ವೆ ಕಂಪನಿಗಳ ಸಂಘ ನ್ಯಾಯಾಲಯದ ಮೆಟ್ಟಿಲೇರಿತು.

ಹಳಿಯಾಚೆಯ ಊರಿಗೆ ಫೈಬರ್ ತಲುಪಲು ಬೇಕಾದದ್ದು ಕಂಬಿಗಳ ಅಡಿಯಲ್ಲಿ ಹಾಯುವ ಒಂದು ಕೊಳವೆ. ಅದರ ಅನುಮತಿ ಕಡತದಲ್ಲೇ ಉಳಿದರೆ ಇಡೀ ಊರಿನ ಸಂಪರ್ಕ ನಿಲ್ಲುತ್ತದೆ. ಆದ್ದರಿಂದ ಕಾಲಮಿತಿ ನ್ಯಾಯಯುತವೇ. ಶುಲ್ಕದ ಮಾತು ಬೇರೆ. ಒಂದು ಕಂಪನಿಯ ನೆಲವನ್ನು ಲಾಭಕ್ಕೆಂದೇ ಇರುವ ಇನ್ನೊಂದು ಕಂಪನಿಗೆ ಸರ್ಕಾರವೇ ದರ ಕಟ್ಟಿ ಕೊಡಿಸುವುದು ಸರಿಯಲ್ಲ. ಗಡುವು ಉಳಿಯಲಿ, ಪರಿಹಾರವನ್ನು ಸ್ವತಂತ್ರ ಮೌಲ್ಯಮಾಪನ ನಿರ್ಧರಿಸಲಿ. ಹಳಿಯ ಸುರಕ್ಷತೆಯಲ್ಲಿ ಮಾತ್ರ ರೈಲ್ವೆಯ ಮಾತಿಗೇ ಮನ್ನಣೆ ಸಿಗಬೇಕು.