ಅತಿವೇಗಕ್ಕೆ ತಕ್ಕ ದಂಡ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರುಗಳಿಗೆ ಗಂಟೆಗೆ 100 ಕಿಲೋಮೀಟರಿನ ಮಿತಿಯಿದ್ದರೂ, ಕ್ಯಾಮೆರಾದ ಕಂಬ ಕಂಡೊಡನೆ ವಿನಯಶೀಲರಾಗಿ, ಅದು ಹಿಂದಾದೊಡನೆ ಪುನಃ ಉನ್ಮತ್ತರಾಗುವ ಚಾಲಕರನ್ನು ಮದ್ದೂರಿನ ಆಚೀಚೆ ಯಾರು ಬೇಕಾದರೂ ಕಾಣಬಹುದು. ನಾನೇರಿದ್ದ ಬಾಡಿಗೆ ಕಾರಿನವನೂ ಅಂಥವನೇ. ಮುಂದಿನ ಸೀಟನ್ನು ಬಿಗಿಯಾಗಿ ಹಿಡಿದು ಕುಳಿತೆನೇ ಹೊರತು ಬಾಯಿ ತೆರೆಯಲಿಲ್ಲವೆಂಬುದನ್ನು ಒಪ್ಪಿಕೊಳ್ಳತಕ್ಕದ್ದೇ.

ಆಘಾತದ ಶಕ್ತಿಯು ವೇಗದ ವರ್ಗಾನುಸಾರ ವರ್ಧಿಸುವುದರಿಂದ, 100ರಿಂದ 130ಕ್ಕೇರಿದಾಗ ಅದು ಸುಮಾರು 1.7 ಪಟ್ಟಾಗುತ್ತದೆ, ಆದುದರಿಂದ 2024ರ ಆಗಸ್ಟ್ 1ರಿಂದ 130ನ್ನು ಮೀರಿದವರ ಮೇಲೆ ಎಫ್‌ಐಆರ್ ದಾಖಲಿಸಬೇಕೆಂದು ನಮ್ಮ ಪೊಲೀಸರು ನಿಶ್ಚಯಿಸಿದುದು ಯುಕ್ತವೇ ಸರಿ. ಆದರೆ 1,000 ರೂಪಾಯಿಯ ದಂಡವು ದಿನಗೂಲಿಯವನ ಪಾಲಿಗೆ ವಜ್ರಾಘಾತವಾಗಿ, ಕೋಟ್ಯಧೀಶನಿಗೆ ಟೋಲ್ ಚೀಟಿಯಷ್ಟು ಹಗುರಾಗುವ ವೈಷಮ್ಯ ಹಾಗೆಯೇ ಉಳಿದಿದೆ.

ಫಿನ್ಲೆಂಡಿನಲ್ಲಿ ಗುರುತರವಾದ ಅತಿವೇಗಕ್ಕೆ ಆದಾಯಾನುಸಾರ ದಂಡ ವಿಧಿಸುವರು. 2023ರಲ್ಲಿ 50ರ ಮಿತಿಯಿದ್ದೆಡೆ 82ರಲ್ಲಿ ಸಾಗಿದ ಧನಿಕನೊಬ್ಬನಿಗೆ 1,21,000 ಯೂರೋ ಬಿದ್ದಿತು. ನಮ್ಮಲ್ಲಿ ಆದಾಯವನ್ನು ಇದ್ದಂತೆ ತೋರಿಸುವವರೆಷ್ಟು ಮಂದಿ ಎಂಬ ಆಕ್ಷೇಪವುಂಟು. ಅದು ಬೇಡ, ಕಾರಿನ ಬೆಲೆಯನ್ನಂತೂ ಬಚ್ಚಿಡಲಾಗದಷ್ಟೆ? ಆಜೀವ ತೆರಿಗೆಯನ್ನು ಆ ಬೆಲೆಯ ಮೇಲೆಯೇ ವಸೂಲು ಮಾಡುತ್ತಿರುವ ಸರಕಾರಕ್ಕೆ ದಂಡವನ್ನೂ ಅದೇ ಮಾನದಿಂದ ಅಳೆಯುವುದು ದುಷ್ಕರವೇನಲ್ಲ.